ಏಳು ಮಂದಿಯ ಕಾಲ್ಚೆಂಡಾಟ

ಕ್ರೀಡೆಯು ಶಿಕ್ಷಣದ ಅವಿಭಾಜ್ಯ ಅಂಗವೆಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೂ ಅನೇಕ ಶಾಲೆಗಳಲ್ಲಿ ಆಟದ ಗಂಟೆ ಬಾರಿಸಿದೊಡನೆ ಮಕ್ಕಳೆಲ್ಲರೂ ಬಯಲಿಗೆ ಓಡಿದರೆ ಒಬ್ಬಿಬ್ಬರು ಮಾತ್ರ ತರಗತಿಯಲ್ಲಿಯೇ ಉಳಿಯುತ್ತಾರೆ. ನಡೆಯುವಾಗ ಓಲಾಡುವ, ಕೈ ಸೆಟೆದುಕೊಂಡಿರುವ, ಮಾತು ತಡವರಿಸುವ ಆ ಮಕ್ಕಳನ್ನು, ಬಿದ್ದು ಪೆಟ್ಟು ಮಾಡಿಕೊಂಡಾರೆಂಬ ಕಾಳಜಿಯಿಂದಲೇ ಕೂರಿಸಲಾಗಿರುತ್ತದೆ. ಇಂಥ ಮಕ್ಕಳೇ ಬೆಳೆದು ತಮ್ಮ ದೇಶದ ಪರವಾಗಿ ಕಾಲ್ಚೆಂಡಾಟವಾಡುವ ಅಂತರರಾಷ್ಟ್ರೀಯ ಪಂದ್ಯಾವಳಿಯೊಂದು ಜಗತ್ತಿನಲ್ಲಿದೆ. ಅದರ ಸ್ವರೂಪವನ್ನೂ ಅದರಿಂದ ನಮ್ಮ ಶಾಲೆಗಳು ಕಲಿಯಬಹುದಾದುದನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ವೈದ್ಯರು ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಮೆದುಳಿನ ಪಾರ್ಶ್ವವಾಯುವು ಸೋಂಕಿನಂತೆ ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲ. ಗರ್ಭದಲ್ಲಿರುವಾಗಲೋ ಹೆರಿಗೆಯ ಹೊತ್ತಿನಲ್ಲೋ ಎಳೆಯ ವಯಸ್ಸಿನಲ್ಲೋ ಬೆಳೆಯುತ್ತಿರುವ ಮೆದುಳಿಗೆ ಆದ ಹಾನಿಯ ಫಲವದು. ಅವಧಿಗೆ ಮುನ್ನ ಜನನ, ಆಮ್ಲಜನಕದ ಕೊರತೆ, ತೀವ್ರವಾದ ಕಾಮಾಲೆ, ಸೋಂಕು ಮೊದಲಾದವು ಅದಕ್ಕೆ ಕಾರಣವಾಗಬಹುದು. ಕೆಲವರಲ್ಲಿ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಕೆಲವರಲ್ಲಿ ಅಂಗಾಂಗಗಳು ತಾವಾಗಿಯೇ ಚಲಿಸುತ್ತವೆ. ಇನ್ನು ಕೆಲವರಲ್ಲಿ ಸಮತೋಲ ತಪ್ಪುತ್ತದೆ. ಮೆದುಳಿಗೆ ಆದ ಹಾನಿ ಮುಂದೆ ಹೆಚ್ಚುತ್ತ ಹೋಗುವುದಿಲ್ಲ. ದೇಹ ಹೇಳಿದ ಮಾತು ಕೇಳದಿದ್ದಮಾತ್ರಕ್ಕೆ ಬುದ್ಧಿ ಮಂದವೆಂದು ತಿಳಿಯುವುದು ತಪ್ಪು.

ಇಂಥವರ ಕ್ರೀಡೆಗಳಿಗಾಗಿ 1978ರಲ್ಲಿ ಅಂತರರಾಷ್ಟ್ರೀಯ ಸಂಘವೊಂದು ಸ್ಥಾಪನೆಯಾಯಿತು. ಅದೇ ವರ್ಷ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಏಳು ಮಂದಿಯ ಕಾಲ್ಚೆಂಡಾಟದ ಅಂತರರಾಷ್ಟ್ರೀಯ ಪಂದ್ಯಗಳು ನಡೆದವು. 1984ರಲ್ಲಿ ಈ ಆಟವು ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟವನ್ನು ಪ್ರವೇಶಿಸಿತು. 2015ರಲ್ಲಿ ಇದಕ್ಕೆಂದೇ ಪ್ರತ್ಯೇಕ ಅಂತರರಾಷ್ಟ್ರೀಯ ಒಕ್ಕೂಟವು ಅಸ್ತಿತ್ವಕ್ಕೆ ಬಂದಿತು. 2016ರ ರಿಯೋ ಕೂಟದಲ್ಲಿ ಉಕ್ರೇನ್ ಚಿನ್ನವನ್ನೂ ಇರಾನ್ ಬೆಳ್ಳಿಯನ್ನೂ ಬ್ರೆಜಿಲ್ ಕಂಚನ್ನೂ ಪಡೆದವು. 2022ರಲ್ಲಿ ಸ್ಪೇನಿನಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಪಂದ್ಯಾವಳಿಯೂ ನಡೆಯಿತು.

ಈ ಆಟದ ನಿಯಮಗಳು ಗಮನಾರ್ಹವಾಗಿವೆ. ತಂಡದಲ್ಲಿ ಹನ್ನೊಂದು ಮಂದಿಯ ಬದಲು ಏಳು ಮಂದಿ. ಅಂಗಳವು ಸುಮಾರು 70 ಮೀಟರ್ ಉದ್ದ, 50 ಮೀಟರ್ ಅಗಲ. ಗೋಲು 5 ಮೀಟರ್ ಅಗಲ, 2 ಮೀಟರ್ ಎತ್ತರ. ಆಟದ ಪ್ರತಿ ಅರ್ಧಕ್ಕೆ 30 ನಿಮಿಷ. ಆಫ್‌ಸೈಡ್ ನಿಯಮವಿಲ್ಲ. ಎರಡೂ ಕೈಗಳನ್ನು ತಲೆಯ ಮೇಲೆತ್ತಲಾರದವರು, ಗೆರೆ ದಾಟಿದ ಚೆಂಡನ್ನು ಒಂದೇ ಕೈಯಿಂದ ಉರುಳಿಸಿ ಒಳಕ್ಕೆ ಬಿಡಬಹುದು. ಉಳಿದಂತೆ ಇದು ಎಲ್ಲರೂ ಬಲ್ಲ ಕಾಲ್ಚೆಂಡಾಟವೇ. ನಡೆಯಬಲ್ಲ, ಓಡಬಲ್ಲ ಮೆದುಳಿನ ಪಾರ್ಶ್ವವಾಯು ಪೀಡಿತರ ಜೊತೆಗೆ, ಲಕ್ವದಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಅಂಥದೇ ತೊಂದರೆಗೆ ಒಳಗಾದವರೂ ಇದರಲ್ಲಿ ಭಾಗವಹಿಸಬಹುದು.

ಇವೆಲ್ಲಕ್ಕಿಂತ ಮುಖ್ಯವಾದ ನಿಯಮವೊಂದಿದೆ. ಆಟಗಾರರನ್ನು ಪರೀಕ್ಷಿಸಿ, ತೊಂದರೆಯ ಪ್ರಮಾಣಕ್ಕೆ ಅನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ಮೊದಲ ವರ್ಗದವರಿಗೆ ತೊಂದರೆ ಅತ್ಯಧಿಕ, ಮೂರನೆಯವರಿಗೆ ಅತ್ಯಲ್ಪ. ಆಟ ನಡೆಯುವಷ್ಟು ಹೊತ್ತೂ ಅಂಗಳದಲ್ಲಿ ಮೊದಲ ವರ್ಗದ ಒಬ್ಬರಾದರೂ ಇರಲೇಬೇಕು. ಮೂರನೆಯ ವರ್ಗದವರು ಒಬ್ಬರಿಗಿಂತ ಹೆಚ್ಚು ಇರಕೂಡದು. ಎಂದರೆ, ಗೆಲ್ಲಬೇಕೆಂಬ ತಂಡವು ಅತ್ಯಂತ ಕಷ್ಟದಿಂದ ಓಡುವವನನ್ನು ಬದಿಗೆ ಕೂರಿಸುವಂತಿಲ್ಲ. ಅವನನ್ನು ಹುಡುಕಿ ತಂದು, ತರಬೇತಿ ಕೊಟ್ಟು, ಅವನಿಗೆ ಚೆಂಡು ಒಪ್ಪಿಸಲು ಕಲಿಯಬೇಕು. ಅವನು ತಂಡದಲ್ಲಿರುವುದು ಕನಿಕರದಿಂದಲ್ಲ, ಅವನಿಲ್ಲದೆ ತಂಡ ಪೂರ್ಣವಾಗದೆಂಬ ಕಾರಣದಿಂದ. ಈ ಆಟದ ತಿರುಳೆಲ್ಲ ಈ ಒಂದು ನಿಯಮದಲ್ಲಿದೆ.

ಇಷ್ಟಾದರೂ ರಿಯೋ ಕೂಟದ ಬಳಿಕ ಈ ಆಟವು ಪ್ಯಾರಾಲಿಂಪಿಕ್ಸ್‌ನಲ್ಲಿ ಉಳಿಯಲಿಲ್ಲ. ಜಗತ್ತಿನಲ್ಲಿ ಸಾಕಷ್ಟು ವ್ಯಾಪಕವಾಗಿ ಹರಡಿಲ್ಲವೆಂಬ ಕಾರಣದಿಂದ ಇದನ್ನು ಟೋಕಿಯೋ ಕೂಟದಿಂದ ಕೈಬಿಡುವ ನಿರ್ಧಾರವು 2015ರಲ್ಲಿಯೇ ಆಗಿತ್ತು. 2024ರ ಪ್ಯಾರಿಸ್ ಕೂಟದಲ್ಲಿಯೂ ಇದಕ್ಕೆ ಎಡೆ ದೊರೆಯಲಿಲ್ಲ. ಆಟವೊಂದು ಹರಡುವುದು ಮೊದಲು ಊರಿನ ಬಯಲಿನಲ್ಲಿ; ಆಮೇಲೆ ಜಿಲ್ಲೆಯಲ್ಲಿ, ರಾಜ್ಯದಲ್ಲಿ, ದೇಶದಲ್ಲಿ. ತರಗತಿಯಲ್ಲಿ ಉಳಿದ ಆ ಒಬ್ಬ ಬಾಲಕನಿಗೂ ಜಗತ್ತಿನ ಆ ಮಹಾಕೂಟಕ್ಕೂ ಸಂಬಂಧವಿದೆಯೆಂಬುದು ಇದರಿಂದ ವಿದಿತವಾಗುತ್ತದೆ.

ನಮ್ಮ ದೇಶದಲ್ಲಿ ಈ ಮಕ್ಕಳ ಶಿಕ್ಷಣಕ್ಕಾಗಿ 1972ರಲ್ಲಿ ಮುಂಬಯಿಯಲ್ಲಿ ಮಿಥು ಅಲೂರ್ ಅವರು ಸಂಸ್ಥೆಯೊಂದನ್ನು ಸ್ಥಾಪಿಸಿದರು. ಬಳಿಕ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಆರಂಭವಾಯಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಹೆಸರಿಸಿದ 21 ವೈಕಲ್ಯಗಳಲ್ಲಿ ಮೆದುಳಿನ ಪಾರ್ಶ್ವವಾಯುವೂ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಪಾಠದೊಡನೆ ಆಟಕ್ಕೂ ಇತರರಂತೆಯೇ ಸಮಾನ ಅವಕಾಶ ನೀಡಬೇಕೆಂಬುದು ಅದರ ಆಶಯ. ಅವಕಾಶ ದೊರೆತರೆ ಏನಾಗಬಹುದೆಂಬುದಕ್ಕೆ ನಿದರ್ಶನಗಳಿವೆ. ಚಲನೆಯ ಹೊಂದಾಣಿಕೆಯ ತೊಂದರೆಯುಳ್ಳವರಿಗಾಗಿ ಮೀಸಲಾದ ಟಿ-35 ವರ್ಗದ ಓಟದಲ್ಲಿ ಪ್ರೀತಿ ಪಾಲ್ ಅವರು ಪ್ಯಾರಿಸ್‌ನಲ್ಲಿ ಎರಡು ಕಂಚಿನ ಪದಕ ಗಳಿಸಿದರು. ವೈಕಲ್ಯದ ಬಗೆ ಬೇರೆಯಾದರೂ, ಶಿವಮೊಗ್ಗದಲ್ಲಿ ವ್ಯಾಸಂಗ ಮಾಡಿದ ಸುಹಾಸ್ ಯತಿರಾಜ್ ಅವರು ಟೋಕಿಯೋ ಮತ್ತು ಪ್ಯಾರಿಸ್ ಎರಡೂ ಕೂಟಗಳಲ್ಲಿ ಬ್ಯಾಡ್ಮಿಂಟನ್ ಬೆಳ್ಳಿ ಪದಕ ಪಡೆದುದು ನಮ್ಮ ಜಿಲ್ಲೆಗೆ ಹೆಮ್ಮೆಯ ಸಂಗತಿ.

ತ್ಯಾವರೆಕೊಪ್ಪದ ಸುತ್ತಿನ ಹಳ್ಳಿಯ ಶಾಲೆಯಾಗಲಿ ಭದ್ರಾವತಿಯ ಶಾಲೆಯಾಗಲಿ, ಇದನ್ನು ಆರಂಭಿಸಲು ದೊಡ್ಡ ಕ್ರೀಡಾಂಗಣ ಬೇಕಿಲ್ಲ. ಮೊದಲು ಮಗುವಿನ ವೈದ್ಯರ ಸಲಹೆ ಪಡೆಯಬೇಕು. ಮೂರ್ಛೆಯ ತೊಂದರೆಯಿದೆಯೇ ಎಂಬುದನ್ನು ತಪ್ಪದೆ ವಿಚಾರಿಸಬೇಕು. ಬಳಿಕ ಅಂಗಳದ ಕಲ್ಲು ಆರಿಸಿ, ಸುಣ್ಣದ ಪುಡಿಯಿಂದ ಚಿಕ್ಕ ಅಂಕಣದ ಗೆರೆ ಎಳೆದು, ತಂಡಕ್ಕೆ ಏಳು ಮಂದಿಯನ್ನು ಗೊತ್ತುಮಾಡಬೇಕು. ಶಾಲೆಯ ಎಲ್ಲ ಮಕ್ಕಳೂ ಕೂಡಿ ಆಡುವಾಗ, ಅಂಥ ಮಗುವೊಂದು ಆಟದಲ್ಲಿ ಇರಲೇಬೇಕೆಂಬ ನಿಯಮವನ್ನು ಅಧ್ಯಾಪಕರು ಅಳವಡಿಸಬಹುದು. ದಾನಿಗಳು ಬಯಲನ್ನು ಸಮತಟ್ಟು ಮಾಡಿಸಲು, ತಿಂಗಳಿಗೊಮ್ಮೆಯಾದರೂ ಫಿಸಿಯೋಥೆರಪಿ ತಜ್ಞರನ್ನು ಕರೆಸಲು ನೆರವಾಗಬಹುದು. ಹಳೆಯ ವಿದ್ಯಾರ್ಥಿಗಳು ಸಂಜೆಯ ಹೊತ್ತು ಬಂದು ಜೊತೆಗೂಡಿ ಆಡಬಹುದು.

ಶಾಲೆಯೊಂದರ ಹಿರಿಮೆಯನ್ನು ಅದು ಗೆದ್ದ ಪಾರಿತೋಷಕಗಳಿಂದ ಅಳೆಯುವುದು ರೂಢಿ. ಆಟದ ಗಂಟೆ ಬಾರಿಸಿದಾಗ ತರಗತಿಯಲ್ಲಿ ಎಷ್ಟು ಮಕ್ಕಳು ಉಳಿದರೆಂಬುದೂ ಅದರ ಅಳತೆಗೋಲಾಗಲಿ. ಆ ಸಂಖ್ಯೆ ಸೊನ್ನೆಯಾಗುವ ದಿನ ಬೇಗ ಬರಲೆಂದು ಹಾರೈಸೋಣ, ಅದಕ್ಕಾಗಿ ದುಡಿಯೋಣ.