ಯಂತ್ರಶುದ್ಧಿಗೆ ಹೊಳೆಯ ಮರಳು ಬೇಡ

ಮಲೆನಾಡಿನ ಕಾಫಿ ತೋಟದ ಮನೆಗಳಲ್ಲಿ ದನಕರುಗಳಷ್ಟೇ ಅಕ್ಕರೆಯಿಂದ ಕಾಪಾಡಿಕೊಂಡು ಬರುವ ಇನ್ನೊಂದು ಸಂಪತ್ತು ಯಂತ್ರಗಳದು. ಪಲ್ಪರನ್ನು ತಿರುಗಿಸುವ ಡೀಸೆಲ್ ಎಂಜಿನ್, ಹೂಮಳೆ ತಡವಾದಾಗ ರೊಬಸ್ಟಾ ಗಿಡಗಳಿಗೆ ತುಂತುರು ನೀರುಣಿಸುವ ಪಂಪ್‌ಸೆಟ್, ಕಡಿದಾದ ದಾರಿಯಲ್ಲಿ ಮೂಟೆ ಹೊರುವ ಹಳೆಯ ಜೀಪು, ಇವು ಹೊತ್ತಿಗೆ ಒದಗದಿದ್ದರೆ ವರ್ಷದ ದುಡಿಮೆಯೇ ಮಣ್ಣುಪಾಲಾದೀತು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯ ಮುಂಗಾರಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಯಂತ್ರಕ್ಕೆ ತುಕ್ಕು ಹಿಡಿಯುವುದು ಸಹಜ. ಮಳೆ ಹಿಂದೆ ಸರಿದೊಡನೆ ತೋಟದ ಶೆಡ್ಡುಗಳಲ್ಲಿ ಎಂಜಿನ್ ಬಿಚ್ಚುವ ಕೆಲಸ ಮೊದಲಾಗುತ್ತದೆ.

ಹಿಂದೊಮ್ಮೆ ಮೂಡಿಗೆರೆ ಸೀಮೆಯ ಭಕ್ತರೊಬ್ಬರ ಮನೆಗೆ ನಾವು ಪೂಜೆಯ ನಿಮಿತ್ತ ಹೋಗಿದ್ದೆವು. ಮನೆಯ ಹಿರಿಯ ಮಗ ಹಿತ್ತಲಿನ ಶೆಡ್ಡಿನಲ್ಲಿ ಸಣ್ಣ ಕಂಪ್ರೆಸರಿಗೆ ಅಗ್ಗದ ಗನ್ನೊಂದನ್ನು ಜೋಡಿಸಿ, ಹೇಮಾವತಿಯ ಮರಳನ್ನು ಜರಡಿ ಹಿಡಿದು ತುಂಬಿ, ಸಿಲಿಂಡರ್ ಹೆಡ್ಡಿನ ಮೇಲೆ ಬೀಸುತ್ತಿದ್ದನು. ವರ್ಷಗಳ ಕಿಟ್ಟ ಕ್ಷಣದಲ್ಲಿ ಉದುರಿ ಲೋಹ ಬೆಳ್ಳಗೆ ಹೊಳೆಯಿತು. ಮೂಗಿಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದನು. ನಾಲ್ಕು ಮಾರು ದೂರದಲ್ಲಿ ಅವನ ಐದು ವರ್ಷದ ಮಗು ನಿಂತು ನೋಡುತ್ತಿತ್ತು. “ಪೇಟೆಗೆ ಹೊರುವ ಖರ್ಚು ಉಳಿಯಿತು ಗುರುಗಳೇ” ಎಂದನು. ನಾವೂ ಆ ಜಾಣ್ಮೆಯನ್ನು ಮೆಚ್ಚಿ ಹರಸಿ ಬಂದೆವು.

ಅನಂತರ ವೈದ್ಯರಾದ ಭಕ್ತರೊಬ್ಬರಿಗೆ ಈ ಸಂಗತಿ ತಿಳಿಸಿದಾಗ ಅವರ ಮುಖ ಗಂಭೀರವಾಯಿತು. ನಾವು ಹರಸಿದ್ದು ಎಂಥದನ್ನು ಎಂಬುದು ಆಗ ನಮಗೆ ಅರಿವಾಯಿತು.

ಹೊಳೆಯ ಮರಳಿನಲ್ಲಿ ಸಿಲಿಕಾ ಹೇರಳವಾಗಿರುತ್ತದೆ. ಲೋಹಕ್ಕೆ ರಭಸದಿಂದ ಬಡಿದ ಹರಳು ಒಡೆದು ಕಣ್ಣಿಗೆ ಕಾಣದ ಧೂಳಾಗುತ್ತದೆ. ಅದು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಾಯದ ಕಲೆಗಳನ್ನುಂಟುಮಾಡುತ್ತದೆ. ಇದೇ ಸಿಲಿಕೋಸಿಸ್. ಒಮ್ಮೆ ತಗುಲಿದರೆ ಗುಣವಾಗುವುದಿಲ್ಲ. ಕ್ಷಯರೋಗಕ್ಕೂ ದಾರಿ ಮಾಡಿಕೊಡುತ್ತದೆ. ಸಾಮಾನ್ಯವಾಗಿ ಹಲವು ವರ್ಷಗಳ ಮೇಲೆ ತಲೆಯೆತ್ತುವುದಾದರೂ ಧೂಳು ದಟ್ಟವಾಗಿದ್ದರೆ ಬಹುಬೇಗ ಬಂದೀತು. ಒದ್ದೆ ಬಟ್ಟೆ ಈ ಧೂಳನ್ನು ತಡೆಯಲಾರದು.

ಇದು ದೂರದ ಮಾತಲ್ಲ. ನಮ್ಮ ನಾಡಿನದೇ ಆದ ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗೂ ಮಿಕ್ಕಿ ಈ ರೋಗ ಕಂಡುಬಂದಿತು. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಬಂಡೆ ಕೊರೆಯುವಲ್ಲಿ ಏಳುವ ಆ ಧೂಳೂ ಮರಳಿನ ಗನ್ನಿನಿಂದ ಏಳುವ ಧೂಳೂ ಒಂದೇ ಜಾತಿಯವು. ಮರಳು ಬೀಸುವ ಈ ವಿದ್ಯೆಗೆ ಅಮೆರಿಕದ ಟಿಲ್ಗ್‌ಮನ್ 1870ರಲ್ಲಿ ಪೇಟೆಂಟ್ ಪಡೆದನು. ಎರಕದ ವಸ್ತುಗಳನ್ನು ಮರಳಿನಿಂದ ಹೀಗೆ ಶುದ್ಧಿಗೊಳಿಸುವುದನ್ನು ಬ್ರಿಟನ್ ತನ್ನ 1949ರ ನಿಯಮಗಳಲ್ಲೇ ನಿಷೇಧಿಸಿತು. ಸಿಲಿಕಾ ಧೂಳು ಕ್ಯಾನ್ಸರಿಗೂ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಸಾರಿತು.

ಮರುವಾರವೇ ನಾವು ಆ ಮನೆಗೆ ಮತ್ತೆ ಹೋಗಿ ಎಲ್ಲವನ್ನೂ ತಿಳಿಸಿದೆವು. “ಹಾಗಾದರೆ ಈ ಗನ್ನನ್ನು ಎಸೆದುಬಿಡಲೇ ಗುರುಗಳೇ?” ಎಂದು ಆತ ಕೇಳಿದನು. ಎಸೆಯಬೇಕಿಲ್ಲ, ಬಿಡಬೇಕಾದದ್ದು ಮರಳನ್ನು. ಬಲ್ಲವರಿಂದ ಕೇಳಿ ತಿಳಿದ ಕ್ರಮವನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಭಾಗಗಳನ್ನು ಡೀಸೆಲಿನಲ್ಲಿ ನೆನೆಸಿ, ಕುಂಚದಿಂದ ತಿಕ್ಕಿ, ಸೋಪಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಬೇಕು. ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ. ಪೆಟ್ರೋಲನ್ನು ಬಳಸಲೇಬಾರದು. ಉಳಿದ ಕಿಟ್ಟಕ್ಕೆ ಮರಳಿನ ಬದಲು ಗಾಜಿನ ಸಣ್ಣ ಮಣಿ, ಆಕ್ರೋಟದ ಚಿಪ್ಪಿನ ಪುಡಿ ಅಥವಾ ಅಡುಗೆ ಸೋಡಾ ಬಳಸಬಹುದು. ಅಲ್ಯೂಮಿನಿಯಂ ಭಾಗಗಳಿಗೆ ಸೋಡಾ ಸೌಮ್ಯವಾದದ್ದು, ನೀರಿನಲ್ಲಿ ಕರಗಿಹೋಗುತ್ತದೆ. ಒತ್ತಡವನ್ನು ಚದರ ಅಂಗುಲಕ್ಕೆ 40 ಪೌಂಡಿನ ಆಸುಪಾಸಿನಿಂದ ಆರಂಭಿಸುವುದು ಲೇಸು. ನಮ್ಮ ತೇವದ ಹವೆಯಲ್ಲಿ ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ಕೂಡುವುದರಿಂದ ಅದನ್ನು ಮೊದಲೇ ಬಸಿಯಬೇಕು. ಇಲ್ಲವಾದರೆ ಪುಡಿ ಗಂಟುಕಟ್ಟುತ್ತದೆ.

ಯಾವ ಪುಡಿಯಾದರೂ ಬಯಲಿನಲ್ಲಿ ಬೀಸತಕ್ಕದ್ದಲ್ಲ. ಗಾಜಿನ ಕಿಂಡಿಯೂ ಉದ್ದನೆಯ ರಬ್ಬರ್ ಕೈಚೀಲಗಳೂ ಉಳ್ಳ ಮುಚ್ಚಿದ ಪೆಟ್ಟಿಗೆ ಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಬಿಗಿಯಾಗಿ ಕೂರುವ ಧೂಳು ತಡೆಯುವ ಮಾಸ್ಕು ಧರಿಸಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಮಕ್ಕಳು ಹತ್ತಿರ ಸುಳಿಯಕೂಡದು. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬಾರದು.

ಎಂಜಿನ್ನಿನ ಆಯುಷ್ಯವೂ ಇದರಲ್ಲಿ ಅಡಗಿದೆ. ಎಣ್ಣೆ ಹರಿಯುವ ರಂಧ್ರದಲ್ಲಿ ಒಂದೆರಡು ಹರಳು ಉಳಿದರೂ ಬೇರಿಂಗ್ ಸವೆದುಹೋಗುತ್ತದೆ. ಆದುದರಿಂದ ರಂಧ್ರಗಳಿಗೆಲ್ಲ ಮೊದಲೇ ಬಿರಡೆ ಹಾಕಿ, ಕಡೆಗೆ ನೀರು ಹಾಯಿಸಿ, ಗಾಳಿ ಊದಿ, ಒಣಗಿಸಿ ಎಣ್ಣೆ ಸವರಬೇಕು. ಸಿಲಿಂಡರಿನ ಒಳಮೈ, ಕ್ರ್ಯಾಂಕ್, ಬೇರಿಂಗ್, ಪಿಸ್ಟನ್ ರಿಂಗಿನ ಗಾಡಿಗಳಿಗೆ ಈ ವಿಧಾನ ಸಲ್ಲದು; ಅವುಗಳನ್ನು ನುರಿತ ಮೆಕ್ಯಾನಿಕರಿಗೇ ಒಪ್ಪಿಸಬೇಕು.

ಆ ಯುವಕ ನಮ್ಮೆದುರಿಗೇ ತನ್ನ ಸಿಲಿಂಡರ್ ಹೆಡ್ಡನ್ನು ಮತ್ತೊಮ್ಮೆ ತೊಳೆದನು. ಬಸಿದ ನೀರಿನ ತಳದಲ್ಲಿ ಚಿಟಿಕೆ ಮರಳು ಕುಳಿತಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ತರುವಾಯ ಉಳಿದ ಮರಳನ್ನು ಒದ್ದೆ ಮಾಡಿ, ಚೀಲ ಕಟ್ಟಿ, ಮಗುವಿನ ಕೈಗೆಟುಕದ ಮೂಲೆಯಲ್ಲಿಟ್ಟನು. ಕಾಯಕ ದೊಡ್ಡದು, ನಿಜ; ಅದನ್ನು ಮಾಡುವ ಕಾಯವೂ ಅಷ್ಟೇ ದೊಡ್ಡದು. ತೋಟದ ಮನೆಗಳ ಹಿರಿಯರು ಈ ಮಾತನ್ನು ತಮ್ಮ ಮಕ್ಕಳಿಗೂ ಶೆಡ್ಡಿನಲ್ಲಿ ದುಡಿಯುವ ಆಳುಗಳಿಗೂ ಇಂದೇ ತಿಳಿಸಬೇಕೆಂದು ನಮ್ಮ ವಿನಂತಿ.