ಬಾಗಿಲಾಚೆಯ ಭಯ, ಬಾಗಿಲೊಳಗಿನ ಬಂದೂಕು

1991ರ ಅಕ್ಟೋಬರ್ 16. ಅಮೆರಿಕದ ಟೆಕ್ಸಸ್ ರಾಜ್ಯದ ಕಿಲೀನ್ ಪಟ್ಟಣದಲ್ಲಿದ್ದ ಲೂಬೀಸ್ ಕೆಫೆಟೇರಿಯಾ ಮಧ್ಯಾಹ್ನದ ಊಟಕ್ಕೆ ಬಂದವರಿಂದ ತುಂಬಿತ್ತು. ಒಂದು ಪಿಕಪ್ ಟ್ರಕ್ ಕಿಟಕಿಯ ಗಾಜು ಒಡೆದುಕೊಂಡು ಒಳಗೇ ನುಗ್ಗಿತು. ಅಪಘಾತವೆಂದು ಸಹಾಯಕ್ಕೆ ಏಳಹೊರಟವರಿಗೆ ಗುಂಡಿನ ಸದ್ದು ಕೇಳಿಸಿತು. ಟ್ರಕ್ಕಿನಿಂದ ಇಳಿದವನು ಮೇಜಿನಿಂದ ಮೇಜಿಗೆ ನಡೆಯುತ್ತ ಜನರನ್ನು ಕೊಲ್ಲತೊಡಗಿದ. ಅಪ್ಪ ಅಮ್ಮನ ಜೊತೆ ಊಟಕ್ಕೆ ಬಂದಿದ್ದ ಸುಝಾನಾ ಹಪ್ ಮೇಜನ್ನು ಅಡ್ಡ ಕೆಡವಿಕೊಂಡು ಅದರ ಹಿಂದೆ ಕುಳಿತು ತಮ್ಮ ಕೈಚೀಲಕ್ಕೆ ಕೈಹಾಕಿದರು. ರಿವಾಲ್ವರ್ ಅಲ್ಲಿರಲಿಲ್ಲ, ಹೊರಗೆ ನಿಂತಿದ್ದ ಕಾರಿನಲ್ಲಿತ್ತು. ಬಂದೂಕನ್ನು ಮರೆಯಲ್ಲಿಟ್ಟುಕೊಂಡು ಓಡಾಡುವುದು ಆಗ ಟೆಕ್ಸಸ್‌ನಲ್ಲಿ ಅಪರಾಧ. ಕೈರೋಪ್ರಾಕ್ಟರ್ (ಬೆನ್ನುಮೂಳೆ ಚಿಕಿತ್ಸಕಿ) ವೃತ್ತಿಯ ಪರವಾನಗಿಯೇ ಹೋದೀತೆಂಬ ಅಂಜಿಕೆಯಿಂದ ಅವರು ಅದನ್ನು ಕಾರಿನಲ್ಲೇ ಬಿಟ್ಟು ಬಂದಿದ್ದರು.

ಅಪ್ಪ ಬರಿಗೈಯಲ್ಲೇ ಹಂತಕನತ್ತ ನುಗ್ಗಿ ಗುಂಡೇಟು ತಿಂದರು. ಯಾರೋ ಒಡೆದ ಕಿಟಕಿಯಿಂದ ಸುಝಾನಾ ಹೊರಬಿದ್ದರು. ಹಿಂದೆಯೇ ಬರುತ್ತಾರೆಂದುಕೊಂಡಿದ್ದ ಅಮ್ಮ ಗಂಡನ ಬಳಿಯೇ ಉಳಿದು ಅಲ್ಲೇ ಕೊಲೆಯಾದರು. ಆ ದಿನ ಸತ್ತವರು 23 ಮಂದಿ. ಮುಂದಿನ ವರ್ಷಗಳಲ್ಲಿ ಸುಝಾನಾ ರಾಜ್ಯದಿಂದ ರಾಜ್ಯಕ್ಕೆ ಹೋಗಿ ಶಾಸನಸಭೆಗಳ ಮುಂದೆ ಸಾಕ್ಷಿ ನುಡಿದರು. 1995ರಲ್ಲಿ ಟೆಕ್ಸಸ್ ತನ್ನ ಕಾನೂನು ಬದಲಿಸಿತು. ಮರುವರ್ಷ ಅವರೇ ಅಲ್ಲಿನ ಶಾಸಕಿಯಾಗಿ ಆಯ್ಕೆಯಾದರು. ಬಂದೂಕು ಹಿಡಿಯುವ ಅಮೆರಿಕದ ಹೆಂಗಸರ ಪರವಾಗಿ ಮಂಡಿಸಬಹುದಾದ ವಾದಗಳಲ್ಲೆಲ್ಲ ಅತಿ ಬಲವಾದದ್ದು ಈ ಒಬ್ಬ ಮಗಳ ಕಥೆಯೇ. ಅದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ.

ತಳ್ಳಿಹಾಕದವರ ಸಂಖ್ಯೆ ಬೆಳೆಯುತ್ತಲೂ ಇದೆ. 2019ರ ಜನವರಿಯಿಂದ 2021ರ ಏಪ್ರಿಲ್‌ವರೆಗೆ ಅಮೆರಿಕದಲ್ಲಿ ಸುಮಾರು 75 ಲಕ್ಷ ವಯಸ್ಕರು ಮೊದಲ ಬಾರಿಗೆ ಬಂದೂಕಿನ ಒಡೆಯರಾದರು ಎಂದು ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು, ಐದರಲ್ಲೊಬ್ಬರು ಕಪ್ಪು ಜನಾಂಗದವರು. 2020ರಲ್ಲಿ ಕೋವಿಡ್ ಬಂತು, ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಹತ್ಯೆಯಾಯಿತು, ಬೀದಿಗಳು ಹೊತ್ತಿ ಉರಿದವು, ಪೊಲೀಸರ ಮೇಲಿನ ನಂಬಿಕೆ ಕುಸಿಯಿತು. ಆ ಒಂದೇ ವರ್ಷ ಬಂದೂಕು ಖರೀದಿ ಮತ್ತು ಪರವಾನಗಿಗಾಗಿ ಎಫ್‌ಬಿಐ ನಡೆಸಿದ ಹಿನ್ನೆಲೆ ತಪಾಸಣೆಗಳ ಸಂಖ್ಯೆ ಸುಮಾರು 3.97 ಕೋಟಿ.

ಗಂಡಸರು ಬಂದೂಕು ಹಿಡಿಯುವ ದಾರಿಯೂ ಹೆಂಗಸರು ಹಿಡಿಯುವ ದಾರಿಯೂ ಬೇರೆ ಬೇರೆ. ಪ್ಯೂ ಸಂಶೋಧನಾ ಕೇಂದ್ರ 2017ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಗಂಡಸರು ಸರಾಸರಿ 19ನೇ ವಯಸ್ಸಿಗೆ ಮೊದಲ ಬಂದೂಕು ಹೊಂದಿದರೆ, ಹೆಂಗಸರಿಗೆ ಆ ವೇಳೆಗೆ 27 ತುಂಬಿರುತ್ತದೆ. ಅವನಿಗೆ ಅಪ್ಪನ ಜೊತೆ ಬೇಟೆಗೆ ಹೋದ ನೆನಪಿರುತ್ತದೆ, ಗುರಿಯಾಟದ ಹುಚ್ಚಿರುತ್ತದೆ. ರಕ್ಷಣೆಗೆ ಮಾತ್ರ, ಬೇರಾವುದಕ್ಕೂ ಅಲ್ಲ ಎಂದ ಗಂಡಸರು ಶೇ 8. ಹೆಂಗಸರಲ್ಲಿ ಹಾಗೆಂದವರು ಶೇ 27. ನಡುಹರೆಯದಲ್ಲಿ, ಒಂಟಿ ಮನೆಯಲ್ಲಿ, ವಿಚ್ಛೇದನದ ಮರುದಿನ, ಪಕ್ಕದ ಮನೆಗೆ ಕಳ್ಳ ನುಗ್ಗಿದ ವಾರದಲ್ಲಿ ಅಂಗಡಿಯ ಮೆಟ್ಟಿಲು ಹತ್ತುವವಳ ಮನಸ್ಸಿನಲ್ಲಿ ಇರುವುದು ಭಯ.

ಆ ಭಯ ವ್ಯಾಪಾರಿಗಳ ಕಣ್ಣಿಗೆ ಬೀಳದೆ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೇ ಆನಿ ಓಕ್ಲಿ ಎಂಬ ಅಪ್ರತಿಮ ಗುರಿಗಾರ್ತಿ ಪ್ರತಿ ಹೆಣ್ಣೂ ಬಂದೂಕು ಬಳಸುವುದನ್ನು ಕಲಿಯಬೇಕೆಂದು ಸಾರಿ, ಸಾವಿರಾರು ಹೆಂಗಸರಿಗೆ ತಾನೇ ಕಲಿಸಿದ್ದಳು. ಆಕೆಗೆ ಅದು ವಿದ್ಯೆ. ನೂರು ವರ್ಷ ಕಳೆಯುವುದರೊಳಗೆ ಅದೇ ಸರಕಾಯಿತು. 1989ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ತನ್ನ ಹಳೆಯ ‘ಲೇಡಿಸ್ಮಿತ್’ ಹೆಸರಿಗೆ ಮರುಜೀವ ಕೊಟ್ಟು ಹೆಣ್ಣಿನ ಕೈಯಳತೆಯ ರಿವಾಲ್ವರುಗಳನ್ನು ಮಾರುಕಟ್ಟೆಗೆ ತಂದಿತು. 1992ರಲ್ಲಿ ಕೋಲ್ಟ್ ಕಂಪನಿ ‘ಲೇಡೀಸ್ ಹೋಮ್ ಜರ್ನಲ್’ ಎಂಬ ಗೃಹಿಣಿಯರ ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತಿನಲ್ಲಿ ಒಬ್ಬ ತಾಯಿ ಮಗುವನ್ನು ಹಾಸಿಗೆಯಲ್ಲಿ ಮಲಗಿಸುತ್ತಿದ್ದಳು, ಕೆಳಗೆ ಎರಡು ಪಿಸ್ತೂಲುಗಳ ಚಿತ್ರವಿತ್ತು. ಕತ್ತಲ ಬಾಗಿಲಲ್ಲಿ ಮುಖವಿಲ್ಲದ ಅಪರಿಚಿತ, ಒಳಗೆ ಒಬ್ಬಂಟಿ ತಾಯಿ: ಆ ಹೊತ್ತಿನಿಂದ ಇವತ್ತಿನವರೆಗೂ ಮಾರಾಟವಾಗುತ್ತಿರುವುದು ಇದೇ ಚಿತ್ರ.

ಗುರಿಯಭ್ಯಾಸದ ಅಂಕಣದಲ್ಲಿ ನಿಂತಾಗ ಮಾತ್ರ ಚಿತ್ರ ಕರಗಿ ವಸ್ತುವಿನ ಭಾರ ತಿಳಿಯುತ್ತದೆ. ಹೆಂಗಸರಿಗೆ ಪುಟ್ಟ, ಹಗುರ ರಿವಾಲ್ವರೇ ಸರಿ ಎಂದು ಅಂಗಡಿಯವರು ಬಹುಕಾಲ ಹೇಳಿಕೊಂಡು ಬಂದರು. ನಿಜಕ್ಕೂ ಬಂದೂಕು ಹಗುರವಾದಷ್ಟೂ ಒದೆತ ಜೋರು. ತೂಕವಿರುವ ಪಿಸ್ತೂಲು ಆ ಪೆಟ್ಟನ್ನು ತಾನೇ ಒಂದಿಷ್ಟು ನುಂಗುತ್ತದೆ, ಹಗುರವಾದದ್ದು ಅಷ್ಟನ್ನೂ ಮಣಿಕಟ್ಟಿಗೆ ದಾಟಿಸುತ್ತದೆ. ಇನ್ನು ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ಎಳೆದು ತೋಟಾವನ್ನು ನಳಿಗೆಗೆ ಏರಿಸುವ ಕೆಲಸ. ತೋಳು ಚಾಚಿ, ಬೆರಳ ತುದಿಯಲ್ಲಿ ಹಿಡಿದು ಎಳೆದರೆ ಗಟ್ಟಿ ಸ್ಪ್ರಿಂಗು ಜಗ್ಗುವುದಿಲ್ಲ. ಪಿಸ್ತೂಲನ್ನು ಎದೆಯ ಹತ್ತಿರ ತಂದು, ಎಡ ಅಂಗೈಯನ್ನು ಸ್ಲೈಡಿನ ಮೇಲೆ ಬಿಗಿಯಾಗಿ ಕವುಚಿ, ಬಲಗೈಯಿಂದ ಹಿಡಿಕೆಯನ್ನು ಮುಂದಕ್ಕೆ ದೂಡಬೇಕು ಎಂದು ಒಳ್ಳೆಯ ತರಬೇತುದಾರ್ತಿಯರು ಹೇಳಿಕೊಡುತ್ತಾರೆ. ಬೆರಳಿನ ಬಲ ಸಾಲದ ಕಡೆ ಭುಜದ ಬಲ ನೆರವಿಗೆ ಬರುತ್ತದೆ. ಕೈಗಳಲ್ಲಿ ಕಸುವು ಕಡಿಮೆಯಾದವರಿಗಾಗಿಯೇ ಸ್ಲೈಡು ಸಲೀಸಾಗಿ ಸರಿಯುವ ಪಿಸ್ತೂಲುಗಳೂ ಈಚೆಗೆ ಬಂದಿವೆ. ಇದನ್ನೆಲ್ಲ ತಾಳ್ಮೆಯಿಂದ ಕಲಿತು, ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡುವ ಹೆಂಗಸರಲ್ಲಿ ಕಾಣುವ ಆತ್ಮವಿಶ್ವಾಸ ಸುಳ್ಳಲ್ಲ.

ಕಲಿತ ಮೇಲೂ ಉಳಿಯುವ ಪ್ರಶ್ನೆ, ಅದನ್ನು ಎಲ್ಲಿ ಇಡುವುದು? ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಅಪಾಯದ ಗಳಿಗೆಯಲ್ಲಿ ಕೈಗೆ ಸಿಗದು, ಕೈಗೆ ಸಿಗುವಂತಿಟ್ಟರೆ ಮನೆಯಲ್ಲಿ ಬೇರೆಯವರ ಕೈಗೂ ಸಿಕ್ಕೀತು. 2014ರ ಡಿಸೆಂಬರ್ 30ರಂದು ಐಡಹೊ ರಾಜ್ಯದ ಹೇಡನ್‌ನ ವಾಲ್‌ಮಾರ್ಟ್ ಮಳಿಗೆಯಲ್ಲಿ ಒಬ್ಬ ಯುವ ತಾಯಿ ಸಾಮಾನು ಕೊಳ್ಳುತ್ತಿದ್ದರು. ಪಿಸ್ತೂಲು ಇಡಲೆಂದೇ ಪ್ರತ್ಯೇಕ ಜಿಪ್ ಖಾನೆ ಹೊಲಿದಿದ್ದ ಕೈಚೀಲ ಅವರಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಬಂದಿತ್ತು. ತಳ್ಳುಗಾಡಿಯಲ್ಲಿ ಕೂತಿದ್ದ ಎರಡು ವರ್ಷದ ಮಗ ಆ ಚೀಲದೊಳಕ್ಕೆ ಕೈಹಾಕಿದ. ತಾಯಿ ಅಲ್ಲೇ ಸತ್ತರು. ಅವರಿಗೆ ಬಂದೂಕಿನ ಪರಿಚಯವಿತ್ತು, ಪರವಾನಗಿಯೂ ಇತ್ತು.

ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ, ಜಾಹೀರಾತುಗಳು ಎಂದೂ ತೋರಿಸದ ಸಂಗತಿ ಇನ್ನೊಂದಿದೆ. ಹೆಣ್ಣನ್ನು ಕೊಲ್ಲುವವನು ಬಹುಪಾಲು ಬಾಗಿಲು ಒಡೆದು ಬರುವುದಿಲ್ಲ. ಅವನ ಬಳಿ ಆ ಬಾಗಿಲಿನ ಬೀಗದ ಕೈ ಇರುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಸ್ಟಡರ್ಟ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಲಕ್ಷಾಂತರ ಜನರ ದಾಖಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮದೇ ಬಂದೂಕಿಲ್ಲದ, ಆದರೆ ಪಿಸ್ತೂಲು ಹೊಂದಿದವರ ಜೊತೆ ಒಂದೇ ಮನೆಯಲ್ಲಿ ವಾಸಿಸುವವರ ಗತಿಯೇನು ಎಂಬುದು ಅವರ ಪ್ರಶ್ನೆ. ಅಂಥವರು ಮನೆಯಲ್ಲೇ ಗಂಡ, ಹೆಂಡತಿ ಅಥವಾ ಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ, ಬಂದೂಕಿಲ್ಲದ ಮನೆಯವರಿಗಿಂತ ಏಳು ಪಟ್ಟು ಹೆಚ್ಚಿತ್ತು. ಹಾಗೆ ಸತ್ತವರಲ್ಲಿ ಶೇ 84 ಮಂದಿ ಹೆಂಗಸರು. ಇದೇ ತಂಡ ಅದಕ್ಕೆ ಎರಡು ವರ್ಷ ಮೊದಲು ಆತ್ಮಹತ್ಯೆಯ ಲೆಕ್ಕವನ್ನೂ ತೆಗೆದಿತ್ತು. ಪಿಸ್ತೂಲು ಹೊಂದಿದ ಹೆಂಗಸರು ಬಂದೂಕಿನಿಂದ ಜೀವ ಕಳೆದುಕೊಂಡ ಪ್ರಮಾಣ ಪಿಸ್ತೂಲಿಲ್ಲದ ಹೆಂಗಸರದಕ್ಕಿಂತ 35 ಪಟ್ಟು. ಬೇರೆಲ್ಲ ವಿಧಾನಗಳನ್ನು ಸೇರಿಸಿ ನೋಡಿದರೂ ಅಂತರ ಏಳು ಪಟ್ಟಿನಷ್ಟು ಉಳಿಯಿತು. ಮನಸ್ಸು ಕುಸಿದ ಒಂದು ರಾತ್ರಿ ಕಳೆದುಹೋಗುವಂಥದ್ದು, ನೆರವು ಸಿಕ್ಕರೆ ಮರುದಿನ ಬದುಕಿನತ್ತ ಹೊರಳಬಹುದಾದಂಥದ್ದು. ಕೈಗೆಟುಕುವಲ್ಲಿ ಬಂದೂಕಿದ್ದರೆ ಆ ಅವಕಾಶವೇ ಸಿಗುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತ 48,830 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಆತ್ಮಹತ್ಯೆ.

ಹೊಡೆಯುವ ಗಂಡನ ಎದುರು ಹೆಣ್ಣೊಬ್ಬಳು ನಿಜಕ್ಕೂ ಬಂದೂಕು ಎತ್ತಿದರೆ ಏನಾಗುತ್ತದೆ? ಫ್ಲಾರಿಡಾದ ಜಾಕ್ಸನ್‌ವಿಲ್‌ನ ಮರೀಸಾ ಅಲೆಕ್ಸಾಂಡರ್ ಪ್ರಕರಣ ನೋಡಬೇಕು. 2010ರ ಆಗಸ್ಟ್ 1ರಂದು, ದಿನ ತುಂಬುವ ಮೊದಲೇ ಹೆರಿಗೆಯಾಗಿ ಇನ್ನೂ ಒಂಬತ್ತೇ ದಿನ ಕಳೆದಿದ್ದ ಆಕೆಗೂ ಬೇರೆಯಾಗಿದ್ದ ಗಂಡನಿಗೂ ಜಗಳವಾಯಿತು. ಹಿಂದೆ ಹಲ್ಲೆ ನಡೆಸಿದ್ದ ಅವನ ವಿರುದ್ಧ ನ್ಯಾಯಾಲಯದ ರಕ್ಷಣಾ ಆದೇಶವನ್ನೂ ಆಕೆ ಪಡೆದಿದ್ದಳು. ಗ್ಯಾರೇಜಿಗೆ ಓಡಿದಳು, ಬಾಗಿಲು ತೆರೆಯಲಿಲ್ಲ ಎಂದಳು. ಕಾರಿನಲ್ಲಿದ್ದ, ಪರವಾನಗಿ ಪಡೆದ ತನ್ನ ಪಿಸ್ತೂಲು ಹಿಡಿದು ಮನೆಯೊಳಕ್ಕೆ ಮರಳಿ ಒಂದೇ ಒಂದು ಗುಂಡು ಹಾರಿಸಿದಳು. ಗುಂಡು ಗೋಡೆಗೆ ಬಡಿಯಿತು. ಯಾರಿಗೂ ಗಾಯವಾಗಲಿಲ್ಲ. ಗಂಡನ ಪಕ್ಕದಲ್ಲೇ ಅವನ ಇಬ್ಬರು ಮಕ್ಕಳಿದ್ದರೆಂಬುದು ಪ್ರಾಸಿಕ್ಯೂಷನ್ ವಾದ. ಬೆದರಿಕೆ ಎದುರಾದಾಗ ಹಿಮ್ಮೆಟ್ಟಬೇಕಿಲ್ಲ ಎನ್ನುವ ಫ್ಲಾರಿಡಾದ ಪ್ರಸಿದ್ಧ ಕಾನೂನಿನ ರಕ್ಷಣೆ ಆಕೆಗೆ ಸಿಗಲಿಲ್ಲ. ಜ್ಯೂರಿ 12 ನಿಮಿಷದಲ್ಲಿ ತಪ್ಪಿತಸ್ಥೆ ಎಂದಿತು. 2012ರಲ್ಲಿ 20 ವರ್ಷದ ಶಿಕ್ಷೆಯಾಯಿತು. ಮೇಲ್ಮನವಿ ನ್ಯಾಯಾಲಯ ಮರುವಿಚಾರಣೆಗೆ ಆದೇಶಿಸಿದ ಮೇಲೆ ರಾಜಿಯ ತಪ್ಪೊಪ್ಪಿಗೆಯಾಗಿ, 2015ರ ಜನವರಿಯಲ್ಲಿ ಆಕೆ ಹೊರಬಂದಳು. ಕಾಲಿಗೆ ನಿಗಾ ಸಾಧನ ಕಟ್ಟಿಕೊಂಡು ಎರಡು ವರ್ಷ ಗೃಹಬಂಧನದಲ್ಲಿ ಕಳೆದಳು. ಅಪರಿಚಿತನಿಗೆ ಗುರಿಯಿಟ್ಟ ಹೆಣ್ಣನ್ನು ಹೊಗಳುವ ಸಮಾಜ, ತಾಳಿ ಕಟ್ಟಿದವನಿಗೋ ಉಂಗುರ ತೊಡಿಸಿದವನಿಗೋ ಗುರಿಯಿಟ್ಟವಳನ್ನು ನೂರೆಂಟು ಪ್ರಶ್ನೆ ಕೇಳುತ್ತದೆ. ಇದು ಅಮೆರಿಕಕ್ಕೆ ಮಾತ್ರ ಸೀಮಿತವಾದ ಮಾತೆಂದು ನಂಬುವುದು ಕಷ್ಟ.

ಭಾರತವೂ ಹೆಂಗಸರಿಗೆ ಬಂದೂಕು ಮಾರುವ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟು ನೋಡಿದೆ. 2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರ ದೇಶವನ್ನೇ ಅಲುಗಿಸಿದ ಮೇಲೆ, 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ‘ನಿರ್ಭೀಕ್’ ಎಂಬ .32 ಬೋರಿನ, ಅರ್ಧ ಕಿಲೊ ತೂಕದ ರಿವಾಲ್ವರನ್ನು ಹೆಂಗಸರಿಗೆಂದು ಹೊರತಂದಿತು. ಒಡವೆ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಬಂದ ಅದರ ಬೆಲೆ 1,22,360 ರೂಪಾಯಿ, ಅಂದಿನ ಭಾರತೀಯರ ಸರಾಸರಿ ವಾರ್ಷಿಕ ಆದಾಯಕ್ಕಿಂತ ಹೆಚ್ಚು. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹೆಣ್ಣುಮಗಳ ಕೈಗೆ ಅದು ಎಂದಾದರೂ ತಲುಪುವುದಿತ್ತೇ? ಹಣ ಹೊಂದಿಸಿದರೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅರ್ಜಿ, ಪೊಲೀಸ್ ಪರಿಶೀಲನೆ, ಜೀವಭಯವಿದೆಯೆಂಬ ಸಮರ್ಥನೆ ಎಲ್ಲ ದಾಟಿ ಬರಬೇಕು. ಈ ಬಿಗಿ ಇರುವುದೇ ಒಳ್ಳೆಯದು. ಏಕೆಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷವೂ ಅದೇ ಸಂಗತಿಯನ್ನು ಹೇಳುತ್ತಿದೆ: ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಪರಿಚಿತನೇ. ಹೆಂಗಸರ ಮೇಲಿನ ಅಪರಾಧಗಳಲ್ಲಿ ಅತಿ ದೊಡ್ಡ ಪಾಲು ಗಂಡ ಮತ್ತವನ ಮನೆಯವರ ಕ್ರೌರ್ಯ.

ನಮ್ಮಲ್ಲೇ ಮನೆಮನೆಯಲ್ಲಿ ಕೋವಿ ಇರುವ ನಾಡೊಂದಿದೆಯಲ್ಲ ಎನ್ನಬಹುದು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಹೆಂಗಸರೂ ನಿಂತು ಗುರಿ ತೋರುತ್ತಾರೆ. ಕೊಡವರಿಗೂ ಜಮ್ಮಾ ಎಂಬ ಪರಂಪರಾಗತ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಆ ಕೋವಿ ಒಕ್ಕದ್ದು, ಅಂದರೆ ಮನೆತನದ್ದು, ಹಿರಿಯರಿಂದ ಬಂದದ್ದು, ಗದ್ದೆ ತೋಟ ಕಾಯುವಂಥದ್ದು. ಭಯಪಟ್ಟ ಒಬ್ಬಳು ತನಗೆಂದು ಕೊಂಡು ದಿಂಬಿನಡಿ ಇಟ್ಟುಕೊಳ್ಳುವ ಪಿಸ್ತೂಲಿಗೆ ಆ ಹಿನ್ನೆಲೆ ಇಲ್ಲ.

ಹಾಗಾದರೆ ಹೆದರಿದವಳಿಗೆ ದಾರಿಯೇನು? ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಜಾಕ್ವೆಲಿನ್ ಕ್ಯಾಂಬೆಲ್ 1980ರ ದಶಕದಿಂದಲೂ ಈ ಪ್ರಶ್ನೆಯ ಬೆನ್ನು ಹತ್ತಿದವರು. ಅವರು ರೂಪಿಸಿದ ವಿಧಾನ ಒಂದು ಕ್ಯಾಲೆಂಡರಿನಿಂದ ಶುರುವಾಗುತ್ತದೆ. ಕಳೆದ ವರ್ಷ ಗಂಡ ಅಥವಾ ಸಂಗಾತಿ ಯಾವ ಯಾವ ದಿನ ಹೊಡೆದ, ಎಷ್ಟು ಜೋರಾಗಿ ಹೊಡೆದ ಎಂದು ಪೆಟ್ಟು ತಿಂದವಳೇ ಗುರುತು ಹಾಕಬೇಕು. ‘ಆಗೊಮ್ಮೆ ಈಗೊಮ್ಮೆ’ ಎನ್ನುತ್ತಿದ್ದವಳಿಗೆ ಗುರುತುಗಳು ದಟ್ಟವಾಗುತ್ತ ಬರುವುದು ಆಗ ಕಾಣುತ್ತದೆ. ಅವರ ತಂಡ 11 ನಗರಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಡೆಯುವವನ ಕೈಗೆ ಬಂದೂಕು ಸಿಗುವಂತಿದ್ದರೆ ಹೆಣ್ಣು ಕೊಲೆಯಾಗುವ ಸಾಧ್ಯತೆ ಐದು ಪಟ್ಟು ಏರುತ್ತಿತ್ತು. ಆಕೆಯ ಬಳಿಯೇ ಬಂದೂಕಿದ್ದದ್ದು ಆಕೆಯನ್ನು ಕಾಪಾಡಿತು ಎನ್ನಲು ಸ್ಪಷ್ಟ ಪುರಾವೆ ಸಿಗಲಿಲ್ಲ.

ಹೊಡೆಯುವವನ ಕೈಯಿಂದ ಬಂದೂಕು ಕಿತ್ತುಕೊಳ್ಳುವ ಕಾನೂನು ಅಮೆರಿಕದಲ್ಲಿ 1994ರಿಂದಲೂ ಇದೆ. ನ್ಯಾಯಾಲಯದ ರಕ್ಷಣಾ ಆದೇಶಕ್ಕೆ ಒಳಗಾದವನು ಬಂದೂಕು ಹೊಂದುವಂತಿಲ್ಲ. ಟೆಕ್ಸಸ್‌ನ ರಹೀಮಿ ಎಂಬಾತ ಅದನ್ನು ಪ್ರಶ್ನಿಸಿದಾಗ 2024ರ ಜೂನ್ 21ರಂದು ಸುಪ್ರೀಂ ಕೋರ್ಟ್ ಎಂಟು–ಒಂದು ಬಹುಮತದಿಂದ ಕಾನೂನನ್ನು ಉಳಿಸಿತು. ಕ್ಯಾಂಬೆಲ್ ಅವರ ಕೆಲಸವನ್ನೇ ಆಧರಿಸಿ ಮೇರಿಲ್ಯಾಂಡ್ ರಾಜ್ಯದಲ್ಲಿ ಇನ್ನೊಂದು ಪದ್ಧತಿ ಬೆಳೆದು ಹಲವೆಡೆ ಹರಡಿದೆ. ಜಗಳದ ಕರೆ ಬಂದ ಮನೆಗೆ ಹೋದ ಪೊಲೀಸರು ಹೆಂಗಸನ್ನು ಪಕ್ಕಕ್ಕೆ ಕರೆದು 11 ಪ್ರಶ್ನೆ ಕೇಳುತ್ತಾರೆ. ನಿನ್ನ ಮೇಲೆ ಆಯುಧ ಎತ್ತಿದ್ದಾನೆಯೇ, ಕೊಲ್ಲುತ್ತೇನೆ ಎಂದಿದ್ದಾನೆಯೇ, ಕತ್ತು ಹಿಸುಕಿದ್ದಾನೆಯೇ, ಅವನ ಬಳಿ ಬಂದೂಕಿದೆಯೇ ಅಥವಾ ಸುಲಭವಾಗಿ ಸಿಕ್ಕೀತೇ? ಉತ್ತರಗಳು ಅಪಾಯ ಸೂಚಿಸಿದರೆ ಅಧಿಕಾರಿ ಅಲ್ಲಿಂದಲೇ ಸಹಾಯವಾಣಿಗೆ ಫೋನ್ ಮಾಡುತ್ತಾನೆ. ಆ ಬದಿಯಲ್ಲಿರುವ ಆಪ್ತಸಮಾಲೋಚಕಿಯ ಜೊತೆ ಮಾತಾಡಲು ಒಪ್ಪಿದರೆ ಫೋನನ್ನು ಆಕೆಯ ಕೈಗೇ ಕೊಡುತ್ತಾನೆ. ಇವತ್ತು ರಾತ್ರಿ ಎಲ್ಲಿ ಉಳಿಯುವುದು, ಮಕ್ಕಳನ್ನು ಹೇಗೆ ಕರೆದೊಯ್ಯುವುದು ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ.