ಗದ್ದೆಯ ಲೆಕ್ಕದ ಊರ ಹೆಸರುಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಊರ ಹೆಸರುಗಳಲ್ಲಿ ಬಹುಪಾಲು ತುಳುವಿನವು. ಕನ್ನಡದ ಅರ್ಥ ಹಚ್ಚಿ ಓದಿದವರು ಅಲ್ಲಲ್ಲಿ ಎಡವುತ್ತಾರೆ. ಎಲ್ಲಕ್ಕಿಂತ ಹೆಚ್ಚು ಎಡವಿಸುವುದು ‘ಬೆಟ್ಟು’. ಬಂಟ್ವಾಳದ ಸಂಗಬೆಟ್ಟು, ಜಕ್ರಿಬೆಟ್ಟು, ಮೂಡುಬಿದಿರೆಯ ಕಲ್ಲಬೆಟ್ಟು, ಹೊಸಬೆಟ್ಟುಗಳಲ್ಲಿ ಹೆಸರಿಗಾಗಿ ಬೆಟ್ಟ ಹುಡುಕಬೇಕಿಲ್ಲ.

ತುಳುನಾಡಿನ ಬೇಸಾಯಗಾರರು ಭತ್ತದ ಗದ್ದೆಯನ್ನು ನೀರಿನ ಆಸರೆ ನೋಡಿ 3 ಬಗೆಯಾಗಿ ಗುರುತಿಸುತ್ತಾರೆ. ತಗ್ಗಿನಲ್ಲಿದ್ದು ಬಹುಕಾಲ ನೀರು ಆರದ್ದು ಬೈಲು. ನೀರಿದ್ದರೆ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ ಅಲ್ಲಿ ಸಾಧ್ಯ. ಅದಕ್ಕಿಂತ ತುಸು ಮೇಲಿನದು ಮಜಲು, ಸಾಮಾನ್ಯವಾಗಿ ಎರಡು ಬೆಳೆಯದು. ಮಳೆಯನ್ನೇ ನಂಬಿ ಏಣೆಲು ಒಂದನ್ನೇ ಕೊಡುವ ಎತ್ತರದ ಗದ್ದೆಯೇ ಬೆಟ್ಟು. ಹಾಗಾಗಿ ‘ಹೊಸಬೆಟ್ಟು’ವನ್ನು ‘ಹೊಸಬೆಟ್ಟ’ ಎಂದು ತಿದ್ದಿದರೆ, ಒಂದು ಅಕ್ಷರದ ಜೊತೆಗೆ ಆ ಊರಿನ ಬೇಸಾಯದ ಚರಿತ್ರೆಯೂ ಅಳಿಸಿಹೋಗುತ್ತದೆ.

ಗದ್ದೆಯಾಗದ ನೆಲವೂ ಹೆಸರಿಲ್ಲದೆ ಉಳಿದಿಲ್ಲ. ಸಾಗುವಳಿಗೆ ಬಾರದ ಬಯಲು ಜಾಗ ಅಡ್ಕ. ಬಂಟ್ವಾಳದ ಕಲ್ಲಡ್ಕ, ಅಡ್ಯನಡ್ಕ, ಮೂಡುಬಿದಿರೆಯ ಪಾಲಡ್ಕ ಈ ಸಾಲಿನವು. ಮುರಕಲ್ಲಿನ ಎತ್ತರದ ಬಯಲು ಪದವು. ವಾಮದಪದವಿನ ಹೆಸರು ಅದರಿಂದ ಬಂದಿದೆ.

ದಿಕ್ಕು ನೋಡಿ ಇಟ್ಟ ಹೆಸರುಗಳು ಜೋಡಿಯಾಗಿಯೇ ಸಿಗುತ್ತವೆ. ಮೂಡು ಎಂದರೆ ಪೂರ್ವ, ಪಡು ಎಂದರೆ ಪಶ್ಚಿಮ. ಮೂಡುಮಾರ್ನಾಡು–ಪಡುಮಾರ್ನಾಡು, ಮೂಡುಕೊಣಾಜೆ–ಪಡುಕೊಣಾಜೆ ಹೀಗೆ ಹುಟ್ಟಿದವು. ಮೂಡುಬಿದಿರೆಗೂ ಕಡಲ ತೀರದಲ್ಲಿ ಪಡುಬಿದ್ರಿಯ ಜೋಡಿಯಿದೆ. ಬಿದಿರಿನಿಂದ ಬಂದ ಮೂಡುಬಿದಿರೆಯ ಹೆಸರನ್ನು ಸಂಸ್ಕೃತ ಬಲ್ಲವರು ವೇಣುಪುರ, ವಂಶಪುರ ಎಂದು ಬರೆದರು. ತುಳುವರ ಬಾಯಲ್ಲಿ ಅದು ಇಂದಿಗೂ ‘ಬೆದ್ರ’.

ಬೆಳ್ತಂಗಡಿ, ಅಳದಂಗಡಿ, ಹೊಸಂಗಡಿಗಳಲ್ಲಿ ಅಂಗಡಿ ಎದ್ದು ಕಾಣುತ್ತದೆ. ನೆರೆಯ ಪುತ್ತೂರು ಕಡೆಯ ಉಪ್ಪಿನಂಗಡಿಯೂ ಇದೇ ಗುಂಪಿನದು. ತುಳುವಿನಲ್ಲಿ ಅದನ್ನು ಉಬಾರ್ ಎನ್ನುತ್ತಾರೆ. ಹೀಗೆ ಒಂದೇ ಊರಿಗೆ ಎರಡು ಹೆಸರಿರುವುದು ಇಲ್ಲಿ ಹೊಸತಲ್ಲ. ಧರ್ಮಸ್ಥಳದ ಹಳೆಯ ಹೆಸರು ಕುಡುಮ.

ಬಂಟ್ವಾಳದ ಫರಂಗಿಪೇಟೆಯ ಹೆಸರಿನಲ್ಲಿ ಪೋರ್ಚುಗೀಸರಂಥ ಪರಂಗಿಯವರ ನೆನಪಿದೆ. ಇಂಗ್ಲಿಷಿನಿಂದ ಬಂದ ಹೆಸರೂ ಒಂದುಂಟು: ಬಂಟ್ವಾಳ ಕ್ರಾಸ್ ರೋಡ್ ಕಿರಿದಾಗಿ ಬಿ.ಸಿ.ರೋಡ್ ಆಯಿತು. ಕಂದಾಯ ದಾಖಲೆಯಲ್ಲಿ ಆ ಭಾಗ ‘ಬಿ.ಮೂಡ’, ಅಂದರೆ ಬಂಟ್ವಾಳ ಮೂಡ ಗ್ರಾಮ. ಬಸ್ಸಿನ ಬೋರ್ಡಿನಲ್ಲೂ ಜನರ ಮಾತಿನಲ್ಲೂ ನಡೆಯುವುದು ಬಿ.ಸಿ.ರೋಡ್ ಎಂಬ ಹೆಸರೇ.